ಅತ್ತೆಯ ಹೊಸ ಕಣ್ಣಿಗೆ ಹಾಲಕ್ಕಿ

ದಸರೆಯ ದಿನ ಮುಂಜಾನೆ ಮಾಡಿದ ಕೆಲಸಗಳು ಇಷ್ಟು. ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದೆ. ಹಿಂದಿನ ದಿನದ ಪೂಜೆಗೆ ಕಾರಿನ ಮುಂದೆ ಕಟ್ಟಿದ್ದ ಚೆಂಡುಹೂವಿನ ಹಾರ ಬಾಡಿತ್ತು, ಬಿಚ್ಚಿ ತುಳಸಿಯ ಬುಡಕ್ಕೆ ಹಾಕಿದೆ. ಕಡಲೆಬೇಳೆ ಕುದಿಸಿ, ಕಟ್ಟು ಬಸಿದು, ಹೂರಣ ರುಬ್ಬಿದೆ. ಹೋಳಿಗೆ ಮಾಡಿ, ಆರಿಸಿ, ಡಬ್ಬಿಗೆ ತುಂಬಿದೆ. ದಾರಿಗೆಂದು ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬೇರೆ ಕಟ್ಟಿದೆ. ಅತ್ತೆಯ ಬಲಗಣ್ಣಿಗೆ ಹನಿ ಹಾಕಿ ಅವರ ಕಪ್ಪು ಕನ್ನಡಕ ಒರೆಸಿಟ್ಟೆ. ನನ್ನ ದುರ್ಬೀನಿನ ಗಾಜನ್ನು ಹಳೆಯ ಪಂಚೆಯ ಚೂರಿನಿಂದ ತಿಕ್ಕಿದೆ. ಇದೆಲ್ಲದರ ನಡುವೆ, ಅತ್ತೆ ಹೊರಗೆ ಬರುವ ಮುಂಚೆಯೇ ಹಾಲಿನವನಿಂದ ಹಾಲು ಇಸಿದುಕೊಂಡು ಅವನನ್ನು ಬೇಗ ಸಾಗಹಾಕಿದೆ.

ಹಾಲಿನವನನ್ನು ಸಾಗಹಾಕಬೇಕಾದ ಕಾರಣ ಹೇಳಿದರೆ ಉಳಿದದ್ದೆಲ್ಲ ತಿಳಿಯುತ್ತದೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಕೆಲವು ವರ್ಷವಾಗಿತ್ತು. ಶ್ರಾವಣದಲ್ಲಿ ಬಲಗಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ದಿನದಿಂದ ಕೊಪ್ಪಳದ ಭಾಗ್ಯನಗರದ ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿ ಇಲ್ಲದಂತಾಯಿತು. ಮೊದಲು ಅಡುಗೆಮನೆಯ ಗೋಡೆ. "ಏ ಯವ್ವಾ, ಈ ಎಣ್ಣಿ ಕಲಿ ಯಾವಾಗಿಂದ ಐತಿ?" ಆಮೇಲೆ ನನ್ನ ಮುಖ. "ನಿನ್ನ ಗದ್ದದ ಮ್ಯಾಲ ಕೂದಲಾ ಬಂದಾವಲ್ಲ, ನನಗ ಯಾರೂ ಹೇಳಲೇ ಇಲ್ಲ." ಆಮೇಲೆ ಹಾಲು. ತಂಬಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು, "ಹಾಲು ನೀಲಿ ಐತಿ. ನೀರು ಹಾಕ್ಯಾನ," ಅಂದರು. ಆ ಹಾಲಿನವ ನಮಗೆ ಹತ್ತಾರು ವರ್ಷದಿಂದ ಹಾಲು ಹಾಕುವವ, ಕಣ್ಣಲ್ಲಿ ನೀರು ತಂದುಕೊಂಡು ಎಮ್ಮೆಯ ಮೇಲೆ ಆಣೆ ಮಾಡಿದ.

ಮಲ್ಲಿನ ಪಂಚೆಯೂ ನೀಲಿ, ಸುಣ್ಣದ ಗೋಡೆಯೂ ನೀಲಿ, ಉಪ್ಪೂ ಒಂಚೂರು ನೀಲಿ. ಡಾಕ್ಟರನ್ನು ಕೇಳಿದೆವು. ಪೊರೆ ಬಂದ ಕಣ್ಣು ಎಲ್ಲವನ್ನೂ ಹಳದಿ ಮಾಡಿ ತೋರಿಸುತ್ತಿತ್ತು, ಈಗ ಬಣ್ಣ ಇದ್ದ ಹಾಗೆ ಕಾಣುತ್ತಿದೆ, ಎಡಗಣ್ಣೂ ಆದರೆ ಸರಿಹೋಗುತ್ತದೆ, ಚಳಿಗಾಲ ಮುಗಿಯುವುದರೊಳಗೆ ಮಾಡಿಸಿಬಿಡಿ, ತಡವಾದರೆ ಪೊರೆ ಗಟ್ಟಿಯಾಗುತ್ತದೆ ಅಂದರು. ಅತ್ತೆ ಅಲ್ಲಿ ತಲೆ ಆಡಿಸಿದರು. ಆಟೋದಲ್ಲಿ ಕೂತ ಮೇಲೆ ನನ್ನ ಕಿವಿಯಲ್ಲಿ, "ನೀಲಿ ಗಾಜು ಕೂಡಿಸ್ಯಾನ. ಛಲೋದು ಯಾರಿಗೋ ಹಾಕಿ ಉಳದದ್ದು ನನಗ ಹಾಕ್ಯಾನ. ಇನ್ನೊಂದು ಕಣ್ಣು ನಾ ಕೊಡಂಗಿಲ್ಲ," ಅಂದರು.

ನಗುವ ಮಾತಾಗಿರಲಿಲ್ಲ ಅದು. ಒಂದು ಕಣ್ಣು ತಿಳಿ, ಒಂದು ಕಣ್ಣು ಮಬ್ಬು ಇದ್ದವರಿಗೆ ಮೆಟ್ಟಿಲು ಎಲ್ಲಿದೆಯೋ ಅಲ್ಲಿ ಕಾಣುವುದಿಲ್ಲ. ಬಚ್ಚಲಿನಿಂದ ನೀರಿನ ತಂಬಿಗೆ ಹಿಡಿದು ಬರುವಾಗ ಅತ್ತೆ ಒಮ್ಮೆ ಬಿದ್ದರು, ಮೊಣಕೈ ತರಚಿತು. ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ ಕಣ್ಣಿದ್ದೂ ಏನು ಉಪಯೋಗ? ಮಗ, ಅಂದರೆ ನಮ್ಮ ಮನೆಯವರು, ಬೇಡಿಕೊಂಡರು, ನಾನು ಬೇಡಿಕೊಂಡೆ. ಯಲಬುರ್ಗಾದಲ್ಲಿರುವ ಮಗಳು, ಅಂದರೆ ನನ್ನ ನಾದಿನಿ, ಫೋನಿನಲ್ಲಿ ಅತ್ತಳು. ಕೊನೆಗೆ ಅತ್ತೆಯೇ ಒಂದು ಪರೀಕ್ಷೆ ಇಟ್ಟರು.

"ದಸರಾಕ್ಕ ಹಾಲಕ್ಕಿ ನೋಡ್ತೀನಲ್ಲ. ಅದರ ಬಣ್ಣ ನಾ ಬಲ್ಲೆ. ಈ ಕಣ್ಣಿಗೆ ಅದು ಹೆಂಗಿತ್ತೋ ಹಂಗ ಕಂಡ್ರ, ಗಾಜು ಖರೇದು. ಆ ಕಣ್ಣೂ ಮಾಡಸ್ಕೋತೀನಿ. ಕಾಣಲಿಲ್ಲಂದ್ರ ನನ್ನ ಮುಂದ ಆಸ್ಪತ್ರಿ ಹೆಸರು ಎತ್ತಬ್ಯಾಡ್ರಿ."

ಹಾಲಕ್ಕಿ ಅಂದರೆ ಬೇರೆ ಊರುಗಳಲ್ಲಿ ಬೇರೆ ಹಕ್ಕಿ ಇರಬಹುದು. ನಮ್ಮ ಅತ್ತೆಗೆ ಅದು ನೀಲಕಂಠ. ಮಾವ ಬದುಕಿದ್ದಾಗ ಅವರು ಬಹಳ ಕಾಲ ಗಂಗಾವತಿಯಲ್ಲಿದ್ದರು, ಮಾವನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ಕಾಲುವೆ ಬಂದ ಮೇಲೆ ಆ ಕಡೆ ನೆಲೆಸಿದ ಕ್ಯಾಂಪಿನ ತೆಲುಗು ಮಂದಿ ದಸರೆಯ ದಿನ ಊರ ಹೊರಗೆ ಹೋಗಿ ಪಾಲಪಿಟ್ಟ, ಅಂದರೆ ಇದೇ ಹಕ್ಕಿ, ನೋಡುತ್ತಾರೆ. ನೋಡಿದರೆ ವರ್ಷವೆಲ್ಲ ಒಳ್ಳೆಯದು. ಪಕ್ಕದ ಮನೆಯ ಅಂಥವರೊಬ್ಬರ ಜೊತೆ ಹೊಸ ಸೊಸೆಯಾಗಿದ್ದ ಅತ್ತೆಯೂ ಹೊಲದ ದಂಡೆಗೆ ಹೋಗಿ ನಿಂತು, ದೂರದಲ್ಲಿ ಹಾರಿಹೋಗುವ ಹಕ್ಕಿಗೆ ಕೈ ಮುಗಿದು ಬರುತ್ತಿದ್ದರು. ಅಲ್ಲಿಂದ ಅದು ನಮ್ಮ ಮನೆಯ ರೂಢಿಯೂ ಆಯಿತು. ಅದಕ್ಕೊಂದು ಕಟ್ಟಳೆ ಇದೆ: ಆ ದಿನ ಹಕ್ಕಿಯನ್ನು ಎಬ್ಬಿಸಬಾರದು. ಕಲ್ಲು ಒಗೆಯುವುದು, ಚಪ್ಪಾಳೆ ತಟ್ಟುವುದು, ಹಾರ್ನ್ ಬಾರಿಸುವುದು, ಯಾವುದೂ ಕೂಡದು. ಅದು ಇದ್ದ ಹಾಗೆ ನೋಡಿ ಕೈ ಮುಗಿಯಬೇಕು. ಎಬ್ಬಿಸಿದರೆ ನೋಡಿದ ಪುಣ್ಯ ಹಾರಿಹೋಯಿತು ಅಂತ.

ಈಗ ನನ್ನ ಅನುಮಾನದ ಮಾತು. ನಮ್ಮ ಮನೆಯವರು ಬೀಜ ಮಾರುವವರು, ವಾರಕ್ಕೊಮ್ಮೆ ಯಾವುದಾದರೂ ತಾಲೂಕಿಗೆ ಹೋಗುತ್ತಾರೆ. ನನ್ನ ಮಗಳ ಮದುವೆ ಆದ ಮೇಲೆ ಮನೆಯಲ್ಲಿ ಒಬ್ಬಳೇ ಏನು ಮಾಡಲಿ ಎಂದು ನಾನೂ ಕಾರಿನಲ್ಲಿ ಕೂರತೊಡಗಿದೆ. ಅವರು ಅಂಗಡಿಯಲ್ಲಿ ಮಾತಾಡುವಷ್ಟು ಹೊತ್ತು ನಾನು ಕಿಟಕಿಯಿಂದ ತಂತಿ ನೋಡುತ್ತೇನೆ. ತಂತಿಯ ಮೇಲೆ ಕೂತವುಗಳಿಗೆ ಹೆಸರು ಇರಬೇಕಲ್ಲ ಅನ್ನಿಸಿತು. ಒಂದು ಪುಸ್ತಕ ಕೊಂಡೆ, ಆಮೇಲೆ ದುರ್ಬೀನು. ಕವಲು ಬಾಲದ್ದು ಕಾಜಾಣ, ನಮ್ಮನ್ನು ಕಂಡು ಬೈಯುತ್ತ ತಿರುಗುವುದು ಟಿಟ್ಟಿಭ, ಗದ್ದೆಯಲ್ಲಿ ಬಗ್ಗಿ ಹುಡುಕುವ ಕರಿಯದು ಕೆಂಬರಲು. ಹೀಗೆ ಒಂದೊಂದೇ ಕಲಿತೆ. ಗೊತ್ತಾಗದ್ದನ್ನು ಗೊತ್ತಿಲ್ಲ ಅಂತಲೇ ಬಿಟ್ಟೆ.

ಅತ್ತೆಯ ಕಣ್ಣು ಮಸುಕಾದ ಮೇಲೆ ದಸರೆಗೆ ಅವರಿಗೆ ಹಾಲಕ್ಕಿ ತೋರಿಸುವುದು ಮಗನ ಕೆಲಸವಾಗಿತ್ತು. ಪ್ರತಿ ವರ್ಷ ಗಂಗಾವತಿಗೆ ಹೋಗುವಾಗ ಸಾಣಾಪುರದ ಹತ್ತಿರ ಕಾಲುವೆಯ ದಂಡೆಗೆ ಕಾರು ನಿಲ್ಲಿಸುತ್ತಿದ್ದರು. ಅಲ್ಲೊಂದು ಮುರಿದ ಕಬ್ಬಿಣದ ಕಂಬ. "ಯವ್ವಾ, ಅಗೋ ಹಾಲಕ್ಕಿ!" ಅತ್ತೆ ಕಣ್ಣು ಕಿರಿದು ಮಾಡಿ, "ಹೌದಪಾ, ನೀಲಿ ಮಿಣಿಮಿಣಿ ಅನ್ನಾಕತ್ತೈತಿ," ಎಂದು ಕೈ ಮುಗಿಯುತ್ತಿದ್ದರು. ನನಗೆ ಹೊಳೆದದ್ದು ಹೋದ ವರ್ಷ. ವರ್ಷ ವರ್ಷ ಅದೇ ಕಂಬದ ಮೇಲೆ, ಅದೂ ನೀರಿನ ದಂಡೆಯಲ್ಲಿ, ನೀಲಕಂಠ ಯಾಕೆ ಕೂರುತ್ತದೆ? ಹಿಂದಿನ ಸೀಟಿನಿಂದ ಕತ್ತು ಚಾಚಿ ನೋಡಿದಾಗ ಕೆಂಪು ಕೊಕ್ಕು ಕಂಡ ಹಾಗಾಯಿತು. ಅಷ್ಟರಲ್ಲಿ ಅವರು ಗಾಡಿ ಬಿಟ್ಟೇಬಿಟ್ಟರು. ಬಲು ಅವಸರ ಆ ದಿನ ಅವರಿಗೆ.

ಈ ವರ್ಷ ಅತ್ತೆಗೆ ಕಣ್ಣು ಬಂದಿದೆ. ಪರೀಕ್ಷೆ ಅತ್ತೆಯ ಗಾಜಿಗೆ ಅಂತ ಅತ್ತೆ ಅಂದುಕೊಂಡಿದ್ದಾರೆ. ಅದು ಯಾರಿಗೆಂದು ನನಗೆ ಬೇರೆ ಅನುಮಾನ.

ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಬನ್ನಿ ಎಲೆಯ ಚೀಲ. ದಾರಿಯುದ್ದಕ್ಕೂ ಕನ್ನಡಕ ತೆಗೆದು, ಹಾಕಿ, ತೆಗೆದು ನೋಡುತ್ತಿದ್ದರು. ಸಾಣಾಪುರದ ಕಾಲುವೆ ಹತ್ತಿರ ಬಂದಂತೆ ಅವರೇ, "ನಿಲ್ಸಪಾ, ಇಲ್ಲೇ ಅಲ್ಲೇನು?" ಅಂದರು.

ಹಬ್ಬದ ರಜೆ. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಕೆರೆಯ ತೆಪ್ಪದ ಸಾಲಿಗೆ ನಿಂತಿದ್ದರು, ದಂಡೆಯ ಮೇಲೆ ಬೈಕುಗಳು, ಜೋರು ಹಾಡು. ಮುರಿದ ಕಂಬದ ಮೇಲೆ ಯಾರೋ ಒದ್ದೆ ಟವೆಲ್ ಒಣಹಾಕಿದ್ದರು.

ನಮ್ಮ ಮನೆಯವರು ಇಳಿದು ಟವೆಲ್ಲನ್ನೇ ನೋಡುತ್ತ ನಿಂತರು. ಬೀಜ ಮೊಳಕೆ ಒಡೆಯಲಿಲ್ಲ ಅಂತ ರೈತರು ಬಂದಾಗ ನಿಲ್ಲುವ ರೀತಿ ಅದು.

"ಇವತ್ತ ಇಲ್ಲ ಯವ್ವಾ. ಮಂದಿ ಭಾಳ ಆತು."

"ವರ್ಷಾ ಇಲ್ಲೇ ಇರೂದು, ಇವತ್ತ ನಾ ಕಣ್ಣು ತಂದೀನಿ, ಇವತ್ತ ಇಲ್ಲೇನು?" ಅತ್ತೆಯ ದನಿಯಲ್ಲಿ ಏನೋ ಮಸೆಯುತ್ತಿತ್ತು.

ನಾನು ಮೆಲ್ಲಗೆ ಅಂದೆ, "ನೀರಿದ್ದ ಕಡೆ ಅದು ಕಮ್ಮಿರಿ. ಒಣ ಹೊಲದ ಕಡೆ ತಂತಿ ಮ್ಯಾಲ ಸಿಗತೈತಿ."

ನಮ್ಮ ಮನೆಯವರು ನನ್ನ ಕಡೆ ತಿರುಗಿ ನೋಡಿದ ನೋಟ ನನಗೆ ಸಾಕಾಯಿತು. ನನ್ನ ಅನುಮಾನಕ್ಕೆ ಬೇರೆ ರುಜುವಾತು ಬೇಕಾಗಲಿಲ್ಲ.

ಗಂಗಾವತಿಯಲ್ಲಿ ಅತ್ತೆಯ ಹಳೆಯ ಓಣಿಗೆ ಹೋಗಿ ಬನ್ನಿ ಕೊಟ್ಟು ಬಂದೆವು. ಓಣಿಯ ಬಾಯಿಯಲ್ಲಿ ಒಬ್ಬ ಬಟ್ಟೆ ಮುಚ್ಚಿದ ಪಂಜರ ಹಿಡಿದು ನಿಂತಿದ್ದ. ಹತ್ತಿರ ಹೋದವರಿಗೆ ಬಟ್ಟೆ ಎತ್ತಿ ತೋರಿಸಿ, ಕೈ ಮುಗಿಸಿ, ದಕ್ಷಿಣೆ ಇಸಿದುಕೊಳ್ಳುತ್ತಿದ್ದ. ನಮ್ಮ ಮನೆಯವರ ಮುಖ ಅರಳಿತು. "ಯವ್ವಾ, ಇಲ್ಲೇ ಐತಿ ನೋಡು, ಬಾ!"

ನಾನು ಬಟ್ಟೆಯ ಸಂದಿನಿಂದ ನೋಡಿದೆ. ನೀಲಕಂಠವೇ. ರೆಕ್ಕೆಯ ತುದಿಗೆ ಏನೋ ಅಂಟು ಬಳಿದಿದ್ದರು, ಬಿಚ್ಚಲು ಬರುತ್ತಿರಲಿಲ್ಲ. "ಕಾಡಿನ ಹಕ್ಕಿ ಹಿಡಿದು ಇಡೂದು ಗುನ್ಹೆ ಐತಿ ಗೊತ್ತಿಲ್ಲೇನು?" ಅಂದೆ. ಅವನು ನನ್ನ ಕುತ್ತಿಗೆಯ ದುರ್ಬೀನು ನೋಡಿ, ಅರಣ್ಯದವರು ಅಂತ ತಿಳಿದನೋ ಏನೋ, ಬಟ್ಟೆ ಮುಚ್ಚಿ ಸಂದಿಗೆ ನುಗ್ಗಿಬಿಟ್ಟ. ನಮ್ಮ ಮನೆಯವರು ಹಿಂದೆ ಓಡಿದರು, ಸಿಗಲಿಲ್ಲ. ಆ ಹಕ್ಕಿ ಏನಾಯಿತೋ ಎಂಬ ಕಳವಳ ನನಗೆ ಈಗಲೂ ಇದೆ.

ಅತ್ತೆಗೆ ಅದರ ಚಿಂತೆ ಇರಲಿಲ್ಲ. "ಹೋದ್ರ ಹೋಗಲಿ ಬಿಡ್ರಿ. ಪಂಜರದ್ದು ನಾ ನಂಬತಿದ್ದಿಲ್ಲ. ನಮ್ಮ ಕಿನ್ನಾಳದಾಗ ಕಟ್ಟಿಗಿಗೆ ಬಣ್ಣ ಹಚ್ಚಿ ಜೀವ ತರ್ತಾರ. ಹಕ್ಕಿಗೆ ಹಚ್ಚೂದೇನು ದೊಡ್ಡ ಮಾತು?" ಅಂದರು. ಅತ್ತೆಯ ತವರು ಕಿನ್ನಾಳ. ಗೊಂಬೆಗೆ ಬಣ್ಣ ಹಾಕುವವರ ಪಕ್ಕದ ಮನೆಯಲ್ಲೇ ಬೆಳೆದವರು. ಬಣ್ಣದ ವಿಷಯದಲ್ಲಿ ಅವರನ್ನು ಒಪ್ಪಿಸುವುದು ಮೊದಲಿಂದಲೂ ಕಷ್ಟ. ನನ್ನ ಮದುವೆಯ ಸೀರೆ ತರುವಾಗ ಅಂಗಡಿಯವನನ್ನು ಬಿಸಿಲಿಗೆ ಕರೆದುಕೊಂಡು ಬಂದು ನಿಲ್ಲಿಸಿದ್ದರಂತೆ.

ಯಲಬುರ್ಗಾಕ್ಕೆ ಕೊಪ್ಪಳದ ಮೇಲೆ ಹೋಗುವುದು ಹತ್ತಿರ. ಆದರೂ ನಮ್ಮ ಮನೆಯವರು ಮಾತಿಲ್ಲದೆ ಕನಕಗಿರಿಯ ಕಡೆ ಸ್ಟೇರಿಂಗ್ ತಿರುಗಿಸಿದರು. ಒಣ ಹೊಲ ಅಂದ ನನ್ನ ಮಾತು ಅವರಿಗೆ ನಾಟಿತ್ತು. ಭತ್ತದ ಹಸಿರು ಮುಗಿದು, ಗುಂಡುಕಲ್ಲಿನ ಗುಡ್ಡ ಸಣ್ಣದಾಗಿ, ತೊಗರಿ, ಸಜ್ಜೆಯ ಹೊಲ ಬಂದವು. ನಾನು ಒಂದೂ ತಂತಿ ಬಿಡದೆ ನೋಡಿದೆ. ಕಾಜಾಣ. ಕಾಜಾಣ. ಪಾರಿವಾಳ. ಬಿಳಿ ಹೊಟ್ಟೆಯ ರಾಮದಾಸ ಹದ್ದು. ಮತ್ತೆ ಕಾಜಾಣ. ಪ್ರತಿ ಸಲ ನಾನು "ನಿಧಾನ್ರೀ" ಅಂದಾಗಲೂ ಅತ್ತೆ ಕನ್ನಡಕ ತೆಗೆಯುತ್ತಿದ್ದರು, "ಅಲ್ಲ" ಅಂದಾಗ ಹಾಕಿಕೊಳ್ಳುತ್ತಿದ್ದರು.

"ಇಕಿಗೆ ನಿಜವಾಗಲೂ ಗೊತ್ತಾಗತೈತೇನಪಾ, ಇಲ್ಲಾ ಬಾಯಿಗೆ ಬಂದದ್ದು ಅಂತಾಳೋ?" ಅಂತ ಮಗನನ್ನು ಕೇಳಿದರು. ಹಿಂದೆ ನಾನು ಕೂತಿದ್ದೇನೆ ಅನ್ನುವುದೇ ಇಲ್ಲ.

"ಪುಸ್ತಕ ಓದ್ಯಾಳ ಯವ್ವಾ."

"ಪುಸ್ತಕಾನೂ ಒಬ್ಬಾಂವ ಬರದಿರತಾನಲ್ಲ. ಅಂವ ಖರೇ ಬರದಾನಂತ ಯಾರು ಹೇಳೂರು?"

ಕುಷ್ಟಗಿಯಲ್ಲಿ ಚಹಾ ಕುಡಿದೆವು. ಅತ್ತೆ ಚಹಾದ ಬಣ್ಣವನ್ನೂ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಹೋಟೆಲಿನವನು ತನ್ನ ಲೋಟದಲ್ಲಿ ಏನಾದರೂ ಬಿದ್ದಿದೆಯೋ ಅಂತ ಬಗ್ಗಿ ನೋಡಿದ. ಊರು ಬಿಟ್ಟು ಯಲಬುರ್ಗಾದ ರಸ್ತೆಗೆ ಬಿದ್ದಾಗ ಬಿಸಿಲು ಇಳಿದಿತ್ತು. ಹಿಂಗಾರಿಗೆ ಹದ ಮಾಡಿದ ಎರೆ ಹೊಲ, ದೂರದಲ್ಲಿ ಗಾಳಿಯಂತ್ರದ ಸಾಲು. ಒಂದು ತಿರುವು ದಾಟಿದ ಕೂಡಲೇ ತಂತಿಯ ಮೇಲೆ ದಪ್ಪ ತಲೆಯ, ಗಿಡ್ಡ ಕತ್ತಿನ ಒಂದು ಹಕ್ಕಿ ಕಂಡಿತು.

"ನಿಲ್ಸ್ರಿ. ಹಾರ್ನ್ ಹೊಡೀಬ್ಯಾಡ್ರಿ."

ದುರ್ಬೀನು ಹಿಡಿದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲದೆ ಎರಡು ಸಲ ನೋಡಿದೆ. ಎದೆ ಕಂದು, ಕತ್ತಿನ ಮೇಲೆ ಬಿಳಿಯ ಗೀರು, ನೆತ್ತಿ ನೀಲಿ, ಕೊಕ್ಕು ಕಪ್ಪು. "ಅತ್ತೀ, ಇದ ನೋಡ್ರಿ. ನೀಲಕಂಠ. ನಿಮ್ಮ ಹಾಲಕ್ಕಿ."

ಅತ್ತೆ ಇಳಿದರು. ಕನ್ನಡಕ ತೆಗೆದು ಮಗನ ಕೈಗೆ ಕೊಟ್ಟರು. ಸೆರಗು ಸರಿ ಮಾಡಿಕೊಂಡು, ಎರಡೂ ಕೈ ಜೋಡಿಸಲು ಎತ್ತಿದವರು ಅರ್ಧಕ್ಕೇ ನಿಲ್ಲಿಸಿದರು.

"ಇದಲ್ಲ."

"ಅದ ಐತ್ರಿ ಅತ್ತೀ."

"ಮಣ್ಣಿನ ಬಣ್ಣದ್ದು ಐತಲ್ಲ ಇದು! ಗುಬ್ಬಿ ದೊಡ್ಡಪ್ಪ ಇದ್ದಂಗ ಐತಿ. ಸಾಣಾಪುರದಾಗ ನೋಡ್ತಿದ್ದದ್ದು ಎಷ್ಟ ನೀಲಿ ಇತ್ತು. ಬೆನ್ನು ಅಂದ್ರ ಬೆನ್ನು, ಮಿಂಚತಿತ್ತು. ಮಬ್ಬುಗಣ್ಣಿಗೇ ಅಷ್ಟು ಕಾಣತಿತ್ತು."

"ಕುಂತಾಗ ಹಿಂಗ ಕಾಣತೈತ್ರಿ. ರೆಕ್ಕಿ ಬಿಚ್ಚಿದ್ರ ನೀಲಿ."

"ಹಂಗಾದ್ರ ಸಾಣಾಪುರದ್ದು ಕುಂತಾಗೇ ನೀಲಿ ಇತ್ತಲ್ಲ?" ಅತ್ತೆ ನನ್ನನ್ನು ಬಿಟ್ಟು ಮಗನ ಕಡೆ ತಿರುಗಿದರು. "ಒಂದೋ ಈ ಹಕ್ಕಿ ಸುಳ್ಳು, ಇಲ್ಲಾ ಈ ಕಣ್ಣಾಗಿನ ಗಾಜು ಸುಳ್ಳು. ಯಾವ್ದು ಹೇಳಪಾ?"

ಮೂರನೆಯದೊಂದು ಇತ್ತು, ಅದನ್ನು ಅತ್ತೆ ಹೇಳಲಿಲ್ಲ. ನಾನು ಮಗನ ಮುಖ ನೋಡಿದೆ. ಹಕ್ಕಿ ಖರೆ ಅಂದರೆ ಇಷ್ಟು ವರ್ಷ ತಾನು ತೋರಿಸಿದ್ದು ಸುಳ್ಳಾಗುತ್ತದೆ. ಅದು ಸುಳ್ಳಾಗಬಾರದು ಅಂದರೆ ತಾಯಿಯ ಎಡಗಣ್ಣು ಹೋಗುತ್ತದೆ. ಅವರು ಕನ್ನಡಕದ ಕಡ್ಡಿ ಮಡಚಿ ಬಿಚ್ಚಿ ಮಾಡುತ್ತಿದ್ದರು.

ಹಕ್ಕಿ ಹಾರಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಅಲುಗಲೇ ಇಲ್ಲ. ಚಪ್ಪಾಳೆ ತಟ್ಟುವ ಹಾಗಿಲ್ಲ. ಒಂದು ಲಾರಿಯಾದರೂ ಬರಬಾರದೇ ಅನ್ನಿಸಿತು ನನಗೆ. ಹಬ್ಬದ ಸಂಜೆ, ರಸ್ತೆ ಖಾಲಿ.

ಬಂದದ್ದು ಲಾರಿಯಲ್ಲ, ಹೊಲದವನು. ಬದುವಿನಿಂದ ಬಿರಬಿರನೆ ಬಂದು ನಮ್ಮ ಕಾರಿನ ನಂಬರು ಓದಿದ, ನನ್ನ ದುರ್ಬೀನು ನೋಡಿದ, ತನ್ನ ಹೊಲ ನೋಡಿದ.

"ಯಾರ್ರಿ ನೀವು? ಗಾಳಿ ಫ್ಯಾನಿನ ಕಂಪನಿಯವರೇನು?"

"ಅಲ್ಲರಿ."

"ಹ್ವಾದ ಸಲ ಬಂದವರೂ ಅಲ್ಲ ಅಂದಿದ್ರು. ದುರ್ಬೀನು ಹಿಡದು ನೋಡಿದ್ರು, ಹ್ವಾದ್ರು, ಬಾಜೂ ಹೊಲದಾಗ ಗೂಟ ಬಡದ್ರು. ನಮ್ಮ ಹೊಲದಾಗ ಕಂಬ ಹಾಕಂಗಿಲ್ಲ ಅಂತ ಹೇಳೀವಿ."

ಅತ್ತೆ ಮುಂದೆ ಬಂದರು. "ಅಲ್ಲೋ ಯಪ್ಪಾ, ಫ್ಯಾನ್ ತಿರಗಸಾಕ ನನ್ನಂಥ ಮುದಕಿನ್ನ ಕರಕೊಂಡು ಬರತಾರೇನು? ಹಾಲಕ್ಕಿ ನೋಡಾಕ ಬಂದೇವಿ. ಹಬ್ಬ ಐತಲ್ಲ."

"ಯಾವ ಹಕ್ಕಿ?"

"ಇಕಿ ಆ ತಂತಿ ಮ್ಯಾಲಿಂದು ಅಂತಾಳ. ನಾ ಅಲ್ಲ ಅಂತೀನಿ. ನೀ ಏನಂತಿ?"

ಅವನು ತಂತಿ ನೋಡಿದ. "ಅದು ದಿನಾ ಕುಂದರತೈತಿ. ಅದನ್ನ ನೋಡಾಕ ಕೊಪ್ಪಳದಿಂದ ಕಾರು ಮಾಡಿಕೊಂಡು ಬರತಾರೇನ್ರಿ ಯಾರರೆ?" ಎಂದು ಇನ್ನೂ ಗಟ್ಟಿಯಾಗಿ ಅನುಮಾನಪಟ್ಟ. ನಾವು ಹೋಗುವ ತನಕ ತಾನೂ ಹೋಗುವುದಿಲ್ಲ ಎಂಬಂತೆ ಬದುವಿನ ಕಲ್ಲಿನ ಮೇಲೆ ಕೂತ. ಹಕ್ಕಿ ಹಾರುವ ತನಕ ನಾವು ಹೋಗುವ ಹಾಗಿಲ್ಲ. ಹಕ್ಕಿಗೆ ಯಾವ ಅವಸರವೂ ಇರಲಿಲ್ಲ. ಅವನು ನಮ್ಮನ್ನು ನೋಡುತ್ತ, ನಾವು ಹಕ್ಕಿಯನ್ನು ನೋಡುತ್ತ, ಅತ್ತೆ ಮಗನನ್ನು ನೋಡುತ್ತ, ಎಲ್ಲರೂ ಹಾಗೇ ಇದ್ದೆವು. ಹೋಳಿಗೆಯ ಡಬ್ಬಿ ತೆಗೆದು ಅವನಿಗೊಂದು ಕೊಟ್ಟೆ. ಮುಟ್ಟಿ ನೋಡಿ, ಮೂಸಿ, ತಿಂದ. ತಿಂದ ಮೇಲೂ ಏಳಲಿಲ್ಲ.

ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡರು. "ಯವ್ವಾ."

"ಏನು?"

"ಗಾಜೂ ಖರೇ, ಹಕ್ಕೀನೂ ಖರೇ. ಸಾಣಾಪುರದ್ದು ಹಾಲಕ್ಕಿ ಅಲ್ಲ. ಮಿಂಚುಳ್ಳಿ. ಮೀನು ಹಿಡಿಯೂ ಹಕ್ಕಿ. ಮೊದಲನೇ ವರ್ಷ ಹಾಲಕ್ಕಿ ಎಲ್ಲೂ ಸಿಗಲಿಲ್ಲ. ನೀ ಮುಖ ಸಣ್ಣದು ಮಾಡಿಕೊಂಡು ಕುಂತಿದ್ದಿ. ಅದು ನೀಲಿ ಕಂಡಿತು, ತೋರಿಸಿಬಿಟ್ಟೆ. ಆಮ್ಯಾಲ ವರ್ಷಾ ಅಲ್ಲೇ ಸಿಗತಿತ್ತು."

ಹೊಲದವ ಕತ್ತೆತ್ತಿ ಇವರ ಮುಖ ನೋಡಿದ. ನಾನು ಅತ್ತೆಯ ಸಿಟ್ಟಿಗೆ ಕಾದೆ. ಅತ್ತೆ ಮಗನನ್ನು ಕೆಳಗಿಂದ ಮೇಲಕ್ಕೆ ನೋಡಿ ನಕ್ಕರು. ಆ ನಗು ಸಿಟ್ಟಿಗಿಂತ ಕೆಟ್ಟದಾಗಿತ್ತು.

"ಜಾಣ ಅದಿ. ಆಪರೇಶನ್ ಮಾಡಸಾಕ ಈಗ ಸುಳ್ಳು ಹೇಳಾಕತ್ತಿ. ಗಂಡ ಹೆಂಡತಿ ಕೂಡಿ ಮಾತಾಡಿಕೊಂಡು ಬಂದೀರಿ. ಹೌದಿಲ್ಲೋ?"

ಪಾಪ, ನಮ್ಮ ಮನೆಯವರು! ಅಷ್ಟು ವರ್ಷದ ಸುಳ್ಳನ್ನು ಒಂದೇ ಮಾತಿಗೆ ನಂಬಿದ ತಾಯಿ, ಖರೆ ಹೇಳಿದ ದಿನ ನಂಬಲಿಲ್ಲ. ನಾನೇನಾದರೂ ಅಂದರೆ ಅದೂ ಒಪ್ಪಂದದ ಮಾತೇ ಆಗುತ್ತಿತ್ತು.

ಅತ್ತೆ ತಮ್ಮ ಪರೀಕ್ಷೆಯನ್ನು ತಾವೇ ಮುಂದುವರಿಸಿದರು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಹಳೆಯ ಎಡಗಣ್ಣಿನಿಂದ ತಂತಿಯ ಕಡೆ ಕತ್ತು ಎತ್ತಿದರು. ನೋಡಬೇಕು, ಆಗಲೇ ಆ ಹಕ್ಕಿ ಏಳಬೇಕೇ! ಹೊಲದಲ್ಲಿ ಏನೋ ಮಿಡತೆ ಕಂಡಿರಬೇಕು. ತಂತಿ ಬಿಟ್ಟು ರೆಕ್ಕೆ ಬಿಚ್ಚಿತು. ನನ್ನ ಕಣ್ಣಿಗೆ ಕಡುನೀಲಿ, ತಿಳಿನೀಲಿ ಪಟ್ಟೆಪಟ್ಟೆಯಾಗಿ ಕಪ್ಪು ನೆಲದ ಮೇಲೆ ತೆರೆದುಕೊಂಡಿತು, ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ. "ಅತ್ತೀ, ಕೈ ತಗೀರಿ!" ಅಂತ ಕೂಗಿದೆ. ತೆಗೆಯುವುದರೊಳಗೆ ಹಕ್ಕಿ ನೇಗಿಲ ಸಾಲಿನಲ್ಲಿ ಇಳಿದಾಗಿತ್ತು.

"ಏನ್ ಕಂಡಿತ್ರಿ?"

"ಏನೋ ಹಾರಿತು. ಕಟ್ಟಿನ ಸಾರಿನಾಗ ಅದ್ದಿ ತಗದಂಗ ಇತ್ತು."

ನಮ್ಮ ಮನೆಯವರು ತಲೆ ಹಿಡಿದುಕೊಂಡರು. ನಾನು ಅತ್ತೆಯ ಹತ್ತಿರ ಹೋಗಿ, "ಅದು ತಿರುಗಿ ಬರತೈತ್ರಿ, ಹಿಡದದ್ದನ್ನ ತಿನ್ನಾಕ ಮ್ಯಾಲೇ ಬರತೈತಿ. ಈಗ ಎಡಗಣ್ಣು ಮುಚ್ಚಿ ನಿಂದರ್ರಿ," ಅಂದೆ. ತಂತಿಯ ಹಕ್ಕಿಗಳನ್ನು ನೋಡಿ ನೋಡಿ ನನಗೆ ಅಷ್ಟು ಮಾತ್ರ ಖಾತ್ರಿ ಇತ್ತು. ಆದರೂ ಮನಸ್ಸಿನಲ್ಲಿ, ಈ ಸಲ ಬೇರೆ ಕಡೆ ಹೋಗಿಬಿಟ್ಟರೆ ಎಂಬ ಅಳುಕು.

ಬಂತು. ಸಾಲಿನಿಂದ ಎದ್ದು, ಇಳಿಬಿಸಿಲಿಗೆ ಮೈಯೊಡ್ಡಿ, ರೆಕ್ಕೆ ಪೂರಾ ತೆರೆದು ನಮ್ಮ ಎದುರಿಗೇ ಮೇಲೇರಿತು. ಅತ್ತೆ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು. ಹಕ್ಕಿ ತಂತಿಯ ಮೇಲೆ ಕೂತು, ರೆಕ್ಕೆ ಮಡಚಿ, ಮತ್ತೆ ಮಣ್ಣಿನ ಬಣ್ಣದ್ದಾಯಿತು.

ಅತ್ತೆ ಎಡಗಣ್ಣಿನಿಂದ ಅಂಗೈ ಇಳಿಸಿದರು. ಆಮೇಲೆ ನಿಧಾನವಾಗಿ, ನಮಗಲ್ಲ, ತಮಗೇ ಹೇಳಿಕೊಂಡರು. "ಗಂಗಾವತ್ಯಾಗ ಹಾರತಿದ್ದದ್ದು ಇದ. ರೆಕ್ಕ್ಯಾಗ ಎರಡು ನೀಲಿ. ಮರ್ತೇಬಿಟ್ಟಿದ್ದೆ." ಕೈ ಜೋಡಿಸಿದರು. ಹೊಲದವನೂ ಏಕೆ ಎಂದು ತಿಳಿಯದೆ ಎದ್ದು ನಿಂತ.

ಕಾರು ಹತ್ತುವಾಗ ಅತ್ತೆ ಅವನಿಗೊಂದು ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣಪಾ," ಅಂದರು. ಅವನು ಇಸಿದುಕೊಂಡು, "ಆತ್ರಿ ಅಮ್ಮಾರ. ಖರೇ ಹೇಳ್ರಿ, ಫ್ಯಾನಿನವರಲ್ಲ, ಹೌದಿಲ್ರಿ?" ಅಂತ ಇನ್ನೊಮ್ಮೆ ಕೇಳಿದ. ಕನ್ನಡಿಯಲ್ಲಿ ನೋಡಿದೆ, ನಾವು ತಿರುವು ದಾಟುವ ತನಕ ರಸ್ತೆಯ ನಡುವೆ ನಿಂತೇ ಇದ್ದ.

ಯಲಬುರ್ಗಾ ಬರುವ ತನಕ ಅತ್ತೆ ಒಂದೊಂದು ಕಣ್ಣು ಮುಚ್ಚಿ ತೆರೆದು ಎಲ್ಲವನ್ನೂ ನೋಡಿದರು. ಬೇವಿನ ಮರ, ಮೈಲುಗಲ್ಲು, ತಮ್ಮ ಅಂಗೈ. ಮಗ ಹೆದರಿಕೊಂಡು ಗಾಡಿ ನಿಧಾನ ಓಡಿಸುತ್ತಿದ್ದರು. ನಾದಿನಿಯ ಮನೆಯಲ್ಲಿ ಬನ್ನಿ ಕೊಟ್ಟು, ಕಾಲಿಗೆ ಬಿದ್ದು, ಕೂತು ಮಾತಾಡುವಾಗಲೂ ಅತ್ತೆ ಕಣ್ಣಿನ ಸುದ್ದಿ ತೆಗೆಯಲಿಲ್ಲ. ನಾದಿನಿ ನನ್ನನ್ನು ಅಡುಗೆಮನೆಗೆ ಕರೆದು, "ಏನಾತು ವೈನಿ? ಒಪ್ಪಿದ್ಲೇನು ಅವ್ವ?" ಅಂದಳು. "ಗೊತ್ತಿಲ್ಲ ತಂಗಿ. ಕೈಯಂತೂ ಮುಗದಾರ," ಅಂದೆ.

ಕತ್ತಲಾಗುವಾಗ ಕೊಪ್ಪಳದ ದಾರಿ ಹಿಡಿದೆವು. ಕುಕನೂರು ದಾಟಿದ ಮೇಲೆ ಅತ್ತೆಯ ದನಿ ಬಂತು.

"ದೀಪಾವಳಿ ಮುಗೀಲಿ. ಆಮ್ಯಾಲ ಆ ಕಣ್ಣೂ ಮಾಡಸ್ರಿ."

ನಮ್ಮ ಮನೆಯವರು ಉಸಿರು ಬಿಟ್ಟದ್ದು ಹಿಂದಿನ ಸೀಟಿಗೂ ಕೇಳಿಸಿತು. "ಆತು ಯವ್ವಾ. ನಾನೇ ಕರಕೊಂಡು ಹೋಗತೀನಿ."

"ನೀ ಬ್ಯಾಡ. ಆಸ್ಪತ್ರ್ಯಾಗ ಇಕಿ ಕುಂದರಲಿ. ಯಾವ ಗಾಜು ಹಾಕತಾನ, ಎಲ್ಲಿಂದ ತಗದು ಹಾಕತಾನ, ಇಕಿ ನೋಡಲಿ. ನೀ ಮಿಂಚುಳ್ಳಿನ್ನ ಹಾಲಕ್ಕಿ ಅಂದಾಂವ."

"ಅಂದ್ರ ನಾ ಹೇಳಿದ್ದು ನಂಬಿದ್ಯಲ್ಲ?"

"ಹಕ್ಕಿ ಹೇಳಿದ್ದು ನಂಬೀನಿ." ಸ್ವಲ್ಪ ದೂರ ಹೋದ ಮೇಲೆ, "ಹಂಗಾದ್ರ ಇಷ್ಟ ವರ್ಷ ನಾ ಕೈ ಮುಗದದ್ದು ಎಲ್ಲಿಗೆ ಹೋತು? ಆ ಮೀನು ತಿನ್ನೂದಕ್ಕೇನು?" ಅಂದರು.

"ಅದೂ ಹಕ್ಕಿನೇ ಅಲ್ಲೇನು ಯವ್ವಾ," ಅಂದರು ಮಗ. ಅತ್ತೆ ಕಿಟಕಿಯ ಕಡೆ ತಿರುಗಿ ನಕ್ಕರೋ, ಕನ್ನಡಕ ಸರಿ ಮಾಡಿಕೊಂಡರೋ, ಕತ್ತಲಲ್ಲಿ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ಕಟ್ಟಿನ ಸಾರು ಬಿಸಿ ಮಾಡಿದೆ, ಅನ್ನಕ್ಕಿಟ್ಟೆ. ಉಳಿದ ಹೋಳಿಗೆಯನ್ನು ಹಾಲು, ತುಪ್ಪ ಹಾಕಿ ತಿಂದೆವು. ಅತ್ತೆ ಹಾಲಿನ ಬಟ್ಟಲನ್ನು ಲೈಟಿನ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡಿ, "ನೀಲಿ ಅಲ್ಲ. ಹಾಲಿನ ಬಣ್ಣಾನೇ ಐತಿ. ನಾಳೆ ಹಾಲಿನಾಂವಗ ಒಂದು ಹೋಳಿಗಿ ಇಡು," ಅಂದು ಕುಡಿದರು. ಹನಿ ಹಾಕಿ ಅವರನ್ನು ಮಲಗಿಸಿ ದೀಪ ಸಣ್ಣದು ಮಾಡಿದೆ.

ಮೊದಲು ನಿದ್ದೆ ಹೋದವರು ನಮ್ಮ ಮನೆಯವರು. ಪಡಸಾಲೆಯಲ್ಲಿ ಹಾಸಿಗೆಗೆ ಬಿದ್ದವರೇ ಗೊರಕೆ ಶುರು ಮಾಡಿದರು. ಅತ್ತೆ ಕೋಣೆಯಿಂದಲೇ ಕಿವಿಗೊಟ್ಟು ಕೇಳಿ ನನಗಂದರು, "ಹೋಗಿ ನೋಡು ಯವ್ವಾ. ಖರೇ ಮಲಗ್ಯಾನೋ, ಅದೂ ಸುಳ್ಳೋ."